ಸೇನೆಯ ಡಾಕ್ಟರು ನಿಜಕ್ಕೂ ಏನು ಮಾಡುತ್ತಾರೆ?

ನೀಟ್ ಫಲಿತಾಂಶ ಬಂದ ವಾರ ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನಲ್ಲಿ ಸೀಟು ಸಿಗಬಹುದಾ, ಸಿಗದಿದ್ದರೆ ಎಲ್ಲಿ, ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟಾಗುತ್ತದೆ, ತೋಟದ ಮೇಲೆ ಸಾಲ ತೆಗೆಯಬೇಕಾ. ಅಷ್ಟರಲ್ಲಿ ಮಾವನೋ ಚಿಕ್ಕಪ್ಪನೋ ಬಾಯಿ ಹಾಕುತ್ತಾರೆ: "ಪುಣೆಯ ಎಎಫ್‌ಎಂಸಿ, ಅದೇ ಸೇನೆಯ ಮೆಡಿಕಲ್ ಕಾಲೇಜು, ನೋಡಿದ್ರಾ? ಓದಿನ ಖರ್ಚು ಸರ್ಕಾರದ್ದು, ಮುಗಿದ ಕೂಡ್ಲೇ ಕೆಲಸ." ಅಮ್ಮನ ಮುಖ ಸಣ್ಣಗಾಗುತ್ತದೆ. ಸೇನೆ ಅಂದರೆ ಗಡಿ, ಗಡಿ ಅಂದರೆ ಗುಂಡು ಅಂತಲೇ ನಮ್ಮ ಕಲ್ಪನೆ.

ಗುಂಡೇಟಿಗೆ ಕಟ್ಟು ಕಟ್ಟುವ ದಿನ ಬರುವುದೇ ಇಲ್ಲ ಎಂದಲ್ಲ. ಆದರೆ ಸೇನಾ ವೈದ್ಯರ ಬದುಕಿನ ಬಹುಪಾಲು ಹೋಗುವುದು ಗಟ್ಟಿಮುಟ್ಟಾಗಿರುವ ಜನರನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ. ಕುಡಿಯುವ ನೀರು, ಸೊಳ್ಳೆ, ಕಕ್ಕಸು, ಅಡುಗೆಮನೆ, ಚಳಿ, ಎತ್ತರದ ತೆಳು ಗಾಳಿ, ಇವುಗಳ ಜೊತೆ ಅವರ ದಿನನಿತ್ಯದ ಗುದ್ದಾಟ. ಅಂದರೆ ಇದು ಮುಖ್ಯವಾಗಿ ಸಾರ್ವಜನಿಕ ಆರೋಗ್ಯದ ಕೆಲಸ. ಅದರ ಫಲ ಮಲೆನಾಡಿನ ಬಾವಿಕಟ್ಟೆಗೂ ಅಡಿಕೆ ತೋಟಕ್ಕೂ ಬಂದು ಎಷ್ಟೋ ಕಾಲವಾಯಿತು. ಎಲ್ಲಿಂದ ಬಂತು ಅಂತ ನಾವು ಕೇಳಿಲ್ಲ, ಅಷ್ಟೆ.

ಬಾವಿ ನೀರಿಗೆ ಪೌಡರ್ ಎಷ್ಟು?

ಮಳೆಗಾಲ ಶುರುವಾದರೆ ನಮ್ಮ ಕಡೆ ಬಾವಿ ನೀರು ಕೆಂಪಾಗುತ್ತದೆ. ಪಂಚಾಯ್ತಿಯಿಂದ ಬ್ಲೀಚಿಂಗ್ ಪೌಡರ್ ಬರುತ್ತದೆ. ಎಷ್ಟು ಹಾಕಬೇಕು ಅಂದರೆ ಹೆಚ್ಚಿನವರು ಕೈಯಂದಾಜಿನಲ್ಲಿ ಹಾಕುತ್ತಾರೆ. ಒಂದು ವರ್ಷ ವಾಸನೆ ತಡೆಯಲಾಗದೆ ನೀರು ಚೆಲ್ಲುತ್ತಾರೆ, ಇನ್ನೊಂದು ವರ್ಷ ಹಾಕಿದ್ದು ಏನೂ ಸಾಲದೆ ಮನೆಮಂದಿಗೆಲ್ಲ ಭೇದಿ.

ಅಂದಾಜು ಕೆಡುವುದಕ್ಕೆ ಎರಡು ಕಾರಣ. ಒಂದು, ಪೌಡರಿನ ಶಕ್ತಿ ಒಂದೇ ಸಮ ಇರುವುದಿಲ್ಲ. ಹೊಸದರಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದಂತೆ ಅದು ಹಾರಿಹೋಗುತ್ತದೆ. ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಬಾಯಿ ಬಿಚ್ಚಿಟ್ಟ ಪೌಡರಿನ ಗತಿ ಕೇಳಬೇಕೇ? ಎರಡು, ನೀರಿನಲ್ಲಿರುವ ಕೊಳೆ, ಸೊಪ್ಪುಸದೆಯ ಅಂಶ ಮೊದಲು ಕ್ಲೋರಿನ್ ಅನ್ನು ತಿಂದುಹಾಕುತ್ತದೆ. ಮಿಕ್ಕಿದ್ದು ಮಾತ್ರ ರೋಗಾಣುಗಳ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ "ಬಾವಿಗೆ ಇಷ್ಟು ಚಮಚ" ಅನ್ನುವ ಒಂದೇ ಲೆಕ್ಕ ಎಲ್ಲ ಬಾವಿಗೂ ಹೊಂದುವುದಿಲ್ಲ.

ಇದೇ ಕಷ್ಟ ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಇತ್ತು, ಇನ್ನೂ ಜಾಸ್ತಿಯಾಗಿ. ನಡೆಯುತ್ತಿರುವ ಪಡೆಗೆ ಇವತ್ತೊಂದು ಕೆರೆ, ನಾಳೆ ಒಂದು ಹಳ್ಳ. ಹಿಂದೆಯೇ ಲ್ಯಾಬ್ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಹೊರಾಕ್ಸ್ ಇದಕ್ಕೆ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಒಳಗೆ ಆರು ಬಿಳಿ ಕಪ್ಪು, ಒಂದು ಕರಿ ಕಪ್ಪು, 2 ಗ್ರಾಂ ಹಿಡಿಯುವ ಚಮಚ, ಕಲಕುವ ಕಡ್ಡಿಗಳು, ನೀಲಿ ಬಣ್ಣ ತೋರಿಸುವ ಪಿಷ್ಟ-ಅಯೋಡೈಡ್ ದ್ರಾವಣ. ಸಿಮ್ಸ್ ಸೇರಿದಂತೆ ದೇಶದ ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಈ ಪರೀಕ್ಷೆ ಕಲಿಯುತ್ತಾರೆ.

ಮಾಡುವ ಕ್ರಮ ಹೀಗೆ. ಕರಿ ಕಪ್ಪಿನಲ್ಲಿ ಒಂದು ಚಮಚ ಪೌಡರ್ ಕಲಸಿ, ಗುರುತಿನವರೆಗೆ ನೀರು ತುಂಬಿ, ತಿಳಿಯಾಗಲು ಬಿಡಬೇಕು. ಆರೂ ಬಿಳಿ ಕಪ್ಪುಗಳಿಗೆ ಪರೀಕ್ಷಿಸಬೇಕಾದ ನೀರು ತುಂಬಬೇಕು. ಮೊದಲ ಕಪ್ಪಿಗೆ ಒಂದು ತೊಟ್ಟು ತಿಳಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು. ಕಲಕಿ ಅರ್ಧ ಗಂಟೆ ಕಾಯಬೇಕು. ಆಮೇಲೆ ಎಲ್ಲದಕ್ಕೂ ಮೂರು ಮೂರು ತೊಟ್ಟು ಪಿಷ್ಟದ ದ್ರಾವಣ. ಕೊಳೆಯೆಲ್ಲ ತಿಂದ ಮೇಲೂ ಕ್ಲೋರಿನ್ ಉಳಿದಿರುವ ಕಪ್ಪು ನೀಲಿಯಾಗುತ್ತದೆ. ಒಂದನೆಯದರಿಂದ ಎಣಿಸುತ್ತಾ ಹೋದರೆ ಮೊದಲು ಸಿಗುವ ನೀಲಿ ಕಪ್ಪು ಯಾವುದು ಅಂತ ನೋಡಿದರೆ ಸಾಕು. ಮೂರನೆಯದಾದರೆ ಪ್ರತಿ 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ 6 ಗ್ರಾಂ ಪೌಡರ್. ಪೌಡರ್ ಹಳತಾಗಿದ್ದರೂ, ನೀರು ಕೊಳಕಾಗಿದ್ದರೂ ಎರಡರ ಲೆಕ್ಕವೂ ಆ ಒಂದು ಬಣ್ಣದಲ್ಲೇ ಸಿಕ್ಕಿಬಿಡುತ್ತದೆ. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ನಮ್ಮ ಬಾವಿಗೆ ಲೆಕ್ಕ ಹಾಕಿ ನೋಡಿ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ಆಳ ನೀರಿದ್ದರೆ ಸುಮಾರು 9,400 ಲೀಟರ್. ಮೂರನೇ ಕಪ್ಪು ನೀಲಿಯಾದರೆ ಬೇಕಾಗುವುದು ಸುಮಾರು 125 ಗ್ರಾಂ. ಐದನೆಯದಾದರೆ 200 ಗ್ರಾಂ ದಾಟುತ್ತದೆ. ಪೌಡರನ್ನು ನೇರವಾಗಿ ಬಾವಿಗೆ ಸುರಿಯಬಾರದು. ಬಕೆಟ್‌ನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಇಳಿಸಿ ನೀರಿನೊಳಗೆ ಚೆನ್ನಾಗಿ ಆಡಿಸಬೇಕು. ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಒಳ್ಳೆಯದು. 

ಗಾಯಾಳು ಒಬ್ಬ, ಕಾಯಿಲೆಯವರು 120

ಸೇನೆಗೆ ನೀರು, ಸೊಳ್ಳೆಗಳ ಮೇಲೆ ಯಾಕಿಷ್ಟು ಕಣ್ಣು? ಎರಡನೇ ಮಹಾಯುದ್ಧದ ಬರ್ಮಾ ರಂಗ ನೋಡಿದರೆ ಅರ್ಥವಾಗುತ್ತದೆ. ಅಲ್ಲಿ ಜಪಾನಿನ ವಿರುದ್ಧ ಹೋರಾಡಿದ ಬ್ರಿಟಿಷರ 14ನೇ ಸೇನೆಯಲ್ಲಿ ಜಾಸ್ತಿ ಇದ್ದದ್ದು ಭಾರತದ ಸೈನಿಕರು. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಪ್ರತಿಯೊಬ್ಬನಿಗೆ ಎದುರಾಗಿ 120 ಜನ ಕಾಯಿಲೆ ಬಿದ್ದು ಹೋಗುತ್ತಿದ್ದರು. ಮಲೇರಿಯಾ, ಭೇದಿ, ಸ್ಕ್ರಬ್ ಟೈಫಸ್. ಹೀಗೇ ಆದರೆ ಜಪಾನೀಯರು ಒಂದು ಗುಂಡೂ ಹಾರಿಸದೆ ಗೆಲ್ಲುತ್ತಿದ್ದರು.

ಮಲೇರಿಯಾ ತಡೆಯಲು ಮೆಪಾಕ್ರಿನ್ ಎಂಬ ಮಾತ್ರೆ ಇತ್ತು. ದಿನಾ ನುಂಗಬೇಕು. ಅದು ಮೈಯನ್ನು ಹಳದಿ ಮಾಡುತ್ತಿತ್ತು. ಗಂಡಸುತನ ಹೋಗುತ್ತದೆ ಎಂಬ ಗಾಳಿಸುದ್ದಿ ಬೇರೆ. ಹಾಗಾಗಿ ಸುಮಾರು ಜನ ಮಾತ್ರೆ ಪಡೆದು ಬಿಸಾಡುತ್ತಿದ್ದರು. ಸೇನಾಧಿಪತಿ ವಿಲಿಯಂ ಸ್ಲಿಮ್ ಇದನ್ನು ಡಾಕ್ಟರುಗಳ ತಲೆಗೆ ಕಟ್ಟಲಿಲ್ಲ. ತಟ್ಟನೆ ಒಂದು ತುಕಡಿಗೆ ಹೋಗಿ ಎಲ್ಲರನ್ನೂ ಪರೀಕ್ಷೆ ಮಾಡಿಸುತ್ತಿದ್ದರು. ಮಾತ್ರೆ ನುಂಗಿದವರು 95 ಶೇಕಡಾಕ್ಕಿಂತ ಕಡಿಮೆ ಕಂಡರೆ ಆ ತುಕಡಿಯ ಕಮಾಂಡರ್ ಮನೆಗೆ. ಮೂವರನ್ನು ತೆಗೆದದ್ದೇ ಸಾಕಾಯಿತು, ಉಳಿದವರಿಗೆ ಅರ್ಥವಾಯಿತು. ಮೊದಲು ದಿನಕ್ಕೆ ಸಾವಿರಕ್ಕೆ 12 ಜನ ಕಾಯಿಲೆ ಬೀಳುತ್ತಿದ್ದದ್ದು 1945ರ ಹೊತ್ತಿಗೆ ಒಂದಕ್ಕೆ ಇಳಿದಿತ್ತು.

ಸೇನಾ ವೈದ್ಯಕೀಯದ ಕೀಲಿಕೈ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಡಾಕ್ಟರು ಸಲಹೆಗಾರ. ಸೈನಿಕರ ಆರೋಗ್ಯಕ್ಕೆ ಹೊಣೆ ಕಮಾಂಡರ್. "ಈ ಹಳ್ಳದ ನೀರು ಬೇಡ" ಅಂತ ಡಾಕ್ಟರು ಹೇಳಿದರೆ ಅದನ್ನು ಜಾರಿ ಮಾಡುವುದು ಆತನ ಕೆಲಸ. ಮಾಡದೆ ಭೇದಿ ಹಬ್ಬಿದರೆ ಉತ್ತರ ಕೊಡಬೇಕಾದವನೂ ಆತನೇ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಈ ಭಾಗ್ಯ ಇಲ್ಲ. ಅವರೂ ಸಲಹೆ ಕೊಡುತ್ತಾರೆ, ಕಾಗದ ಬರೆಯುತ್ತಾರೆ. ಟ್ಯಾಂಕ್ ತೊಳೆಯುವುದು ಇನ್ನೊಬ್ಬರ ಕೈಯಲ್ಲಿ, ಚರಂಡಿ ಮತ್ತೊಬ್ಬರ ಕೈಯಲ್ಲಿ.

ಬೆಂಗಳೂರಿನ ನೀರಿನ ತೊಟ್ಟಿ

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಸಾಬೀತು ಮಾಡಿದ ರೊನಾಲ್ಡ್ ರಾಸ್ ಕೂಡ ಸೇನಾ ವೈದ್ಯರೇ. ಹುಟ್ಟಿದ್ದು 1857ರಲ್ಲಿ ಅಲ್ಮೋರಾದಲ್ಲಿ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸ. ಉಳಿದುಕೊಂಡ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹೊರಗಿಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಡುಕುತ್ತಿದ್ದದ್ದು ಕಣ್ಣಿಗೆ ಬಿತ್ತು. ತೊಟ್ಟಿ ಬೋರಲು ಹಾಕಿದರೆ ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಬರಿದು ಮಾಡಿಸಿ ಅಂತ ಅಧಿಕಾರಿಯನ್ನು ಕೇಳಿದರೆ, ಅದು ಪ್ರಕೃತಿ ನಿಯಮಕ್ಕೆ ವಿರೋಧ ಅಂತ ಆತ ಒಪ್ಪಲಿಲ್ಲ! ಡೆಂಗಿ ಕಾಲದಲ್ಲಿ ತೊಟ್ಟಿ ಬರಿದು ಮಾಡಿ ಅನ್ನುವ ಆಶಾ ಕಾರ್ಯಕರ್ತೆಯರಿಗೆ ಸಿಗುವ ಉತ್ತರಗಳೂ ಇದಕ್ಕಿಂತ ತೀರಾ ಬೇರೆಯಲ್ಲ.

1895ರಲ್ಲಿ ಕಾಲರಾ ಹತೋಟಿಗೆ ರಾಸ್ ಮತ್ತೆ ಬೆಂಗಳೂರಿಗೆ ಬಂದರು. ಆಮೇಲೆ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ನಡುವೆ ಆಸ್ಪತ್ರೆ ಕೆಲಸ, ವರ್ಗಾವಣೆ, ಕೈಕೊಡುವ ಸೂಕ್ಷ್ಮದರ್ಶಕ ಎಲ್ಲ ಇದ್ದೇ ಇತ್ತು.

ಈ ಶೋಧ ಮಲೆನಾಡಿಗೆ ಯಾಕೆ ಅಷ್ಟು ಮುಖ್ಯ? ಒಂದು ಕಾಲದಲ್ಲಿ ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು. ಚಳಿಜ್ವರ ಬಂದು, ಗುಲ್ಮ ಊದಿ, ರಕ್ತ ಬತ್ತಿ ಊರೂರೇ ಸೊರಗುತ್ತಿದ್ದವು. ಇಲ್ಲಿ ಮಲೇರಿಯಾ ಹರಡುತ್ತಿದ್ದದ್ದು ಮುಖ್ಯವಾಗಿ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಇದು ಕೊಳಚೆಯ ಸೊಳ್ಳೆ ಅಲ್ಲ. ನಿಧಾನಕ್ಕೆ ಹರಿಯುವ ತಿಳಿನೀರಿನ ಹಳ್ಳ, ಗದ್ದೆಯ ಕಾಲುವೆ, ಅಂಚಿನ ಹುಲ್ಲಿನ ನೆರಳು ಅದಕ್ಕೆ ಬೇಕು. ಆಗುಂಬೆಯಂಥ ಕಡೆ ಸುರಿಯುವ ಮಳೆಗೆ ಜುಲೈ, ಆಗಸ್ಟಿನಲ್ಲಿ ಮರಿಗಳೆಲ್ಲ ಕೊಚ್ಚಿಹೋಗುತ್ತವೆ. ಮಳೆ ಬಿಟ್ಟು ಹಳ್ಳದ ಸೆಳೆತ ಇಳಿದಾಗ ಸಂಖ್ಯೆ ಏರುತ್ತದೆ. ನಮಗೆ ಚಂದ ಕಾಣುವ ಹಳ್ಳವೇ ಜ್ವರದ ಮೂಲ. ಹಳ್ಳಗಳನ್ನೆಲ್ಲ ಮುಚ್ಚಲು ಆಗುವುದಿಲ್ಲವಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಗೋಡೆಗೆ ಹೊಡೆಯುವ ಡಿಡಿಟಿ. ಅದನ್ನು ದೊಡ್ಡ ಮಟ್ಟದಲ್ಲಿ ಮೊದಲು ಬಳಸಿದ್ದೂ ಎರಡನೇ ಮಹಾಯುದ್ಧದ ಸೇನೆಗಳೇ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂಬುದು ಅಂದಾಜು. 1965ರ ಹೊತ್ತಿಗೆ ಅದು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆಮೇಲೆ ಸೊಳ್ಳೆ ಡಿಡಿಟಿಗೆ ಬಗ್ಗದಾಯಿತು, ಮಲೇರಿಯಾ ಮರಳಿತು. ಅದು ಬೇರೆಯೇ ಕಥೆ.

ಎಂಐ ರೂಮಿನಿಂದ ಆಪರೇಷನ್ ಟೇಬಲ್‌ವರೆಗೆ

ಇನ್ನು ಇವತ್ತಿನ ಸೇನಾ ವೈದ್ಯರ ದಿನಚರಿ. ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಬೆಟಾಲಿಯನ್ನಿನ ಜವಾಬ್ದಾರಿ. ಇವರನ್ನು ಆರ್‌ಎಂಒ ಎನ್ನುತ್ತಾರೆ, ರೆಜಿಮೆಂಟಲ್ ಮೆಡಿಕಲ್ ಆಫೀಸರ್. ಕೈಕೆಳಗೆ ಕೆಲವು ನರ್ಸಿಂಗ್ ಅಸಿಸ್ಟೆಂಟ್‌ಗಳು, ಒಂದು ಎಂಐ ರೂಮ್, ಅಂದರೆ ಮೆಡಿಕಲ್ ಇನ್ಸ್‌ಪೆಕ್ಷನ್ ರೂಮ್, ಬೆಟಾಲಿಯನ್ನಿನ ಸಣ್ಣ ಕ್ಲಿನಿಕ್ಕು. ಮಿಲಿಟರಿಯಿಂದ ಬಂದ ನಮ್ಮೂರ ಅಣ್ಣಂದಿರನ್ನು ಕೇಳಿ, ಎಂಐ ರೂಮಿನ ಒಂದಾದರೂ ಕಥೆ ಹೇಳುತ್ತಾರೆ. ಬೆಳಗಿನ ಸಿಕ್ ರಿಪೋರ್ಟ್‌ನಲ್ಲಿ ಕಾಲು ಉಳುಕಿದವನು, ಹಲ್ಲುನೋವಿನವನು, ಪಿಟಿ ತಪ್ಪಿಸಲು ಹೊಟ್ಟೆನೋವು ಅನ್ನುವವನು ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಸುಳ್ಳು ಹೊಟ್ಟೆನೋವು ಯಾವುದು, ಅಪೆಂಡಿಕ್ಸ್ ಯಾವುದು ಅಂತ ಸ್ಕ್ಯಾನ್ ಇಲ್ಲದ ಜಾಗದಲ್ಲಿ ಕೈಯಿಂದಲೇ ಹೇಳಬೇಕು.

ಮಧ್ಯಾಹ್ನ ಲಂಗರಿಗೆ ಹೋಗಬೇಕು, ಅಂದರೆ ಜವಾನರ ಅಡುಗೆಮನೆಗೆ. ಅಡುಗೆಯವರ ಉಗುರು ನೋಡಬೇಕು, ಯಾರಿಗಾದರೂ ಗಾಯ, ಭೇದಿ ಇದೆಯಾ ಕೇಳಬೇಕು, ಕ್ಲೋರಿನ್ ಅಳೆಯಬೇಕು, ಕಕ್ಕಸಿನ ಗುಂಡಿ ಬಾವಿಯಿಂದ ದೂರ ಇದೆಯಾ ನೋಡಬೇಕು. ಎಂಬಿಬಿಎಸ್ ಮುಗಿಸಿದ ಯಾರಿಗೂ ಇದು ಹೆಮ್ಮೆಯ ಕೆಲಸ ಅನ್ನಿಸಲಿಕ್ಕಿಲ್ಲ. ದೊಡ್ಡ ದಂಡುಪ್ರದೇಶಗಳಲ್ಲಂತೂ ಇದಕ್ಕೆಂದೇ ಸ್ಟೇಷನ್ ಹೆಲ್ತ್ ಆರ್ಗನೈಸೇಷನ್ ಎಂಬ ಘಟಕ ಇರುತ್ತದೆ.

ಗಾಯವಾದರೆ ಏನಾಗುತ್ತದೆ? ಮೊದಲ ಚಿಕಿತ್ಸೆ ಡಾಕ್ಟರದ್ದಲ್ಲ, ಪಕ್ಕದಲ್ಲಿರುವ ಜೊತೆಗಾರನದ್ದು. ಎಲ್ಲ ಸೈನಿಕರ ಬಳಿ ಡ್ರೆಸ್ಸಿಂಗ್ ಪಟ್ಟಿ ಇರುತ್ತದೆ. ರಕ್ತ ನಿಲ್ಲಿಸಿ, ಸ್ಟ್ರೆಚರ್‌ನಲ್ಲಿ ಆರ್‌ಎಂಒ ಇರುವ ರೆಜಿಮೆಂಟಲ್ ಏಡ್ ಪೋಸ್ಟ್‌ಗೆ ತರುತ್ತಾರೆ. ಅಲ್ಲಿ ಉಸಿರಾಟದ ದಾರಿ ಸರಿಮಾಡಿ, ನೋವು ಇಳಿಸಿ, ಮುರಿದ ಕಡೆ ದಬ್ಬೆ ಕಟ್ಟುತ್ತಾರೆ. ಮುಂದೆ ಜೀವ, ಕೈಕಾಲು ಉಳಿಸುವ ತುರ್ತು ಆಪರೇಷನ್ ಮಾಡುವ ಕೇಂದ್ರ. ಅಲ್ಲಿಂದ ಹಿಂದಿನ ಆಸ್ಪತ್ರೆಗಳು, ಕೊನೆಗೆ ಕಮಾಂಡ್ ಆಸ್ಪತ್ರೆ. ಪ್ರತಿ ಮೆಟ್ಟಿಲಲ್ಲೂ ಮಾಡುವುದು ಒಂದೇ: ಮುಂದಿನ ಮೆಟ್ಟಿಲು ಮುಟ್ಟುವವರೆಗೆ ಜೀವ ಹಿಡಿದಿಡುವುದು. ಎಲ್ಲವನ್ನೂ ಒಂದೇ ಕಡೆ ಮುಗಿಸಲು ಹೋದರೆ ಹಿಂದೆ ಕಾಯುತ್ತಿರುವವನು ಸಾಯುತ್ತಾನೆ.

ಒಮ್ಮೆಗೇ ಹತ್ತಾರು ಜನ ಬಂದಾಗ ಯಾರನ್ನು ಮೊದಲು ನೋಡುವುದು? ಹುದ್ದೆ ನೋಡುವ ಹಾಗಿಲ್ಲ. ಈಗ ಕೈಹಾಕಿದರೆ ಉಳಿಯುವವನು ಮೊದಲು, ಕಾಯಬಲ್ಲವನು ಆಮೇಲೆ. ಹೀಗೆ ವಿಂಗಡಿಸುವ ಪದ್ಧತಿಗೆ ದಾರಿ ಹಾಕಿದವರು ನೆಪೋಲಿಯನ್ ಸೇನೆಯ ಸರ್ಜನ್ ಲಾರೇ. ಮಳೆಗಾಲದಲ್ಲಿ ಘಾಟಿಯಲ್ಲಿ ಬಸ್ಸು ಉರುಳಿದ ರಾತ್ರಿ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ತುರ್ತು ವಿಭಾಗದವರು ಮಾಡುವುದೂ ಇದನ್ನೇ. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಗೊಂಡ ಶತ್ರುವಿಗೂ ಇದೇ ಲೆಕ್ಕ.

ತೆಳು ಗಾಳಿಯ ಪಾಠ

ಶಿವಮೊಗ್ಗ ಸಮುದ್ರ ಮಟ್ಟದಿಂದ ಹೆಚ್ಚೂಕಡಿಮೆ 570 ಮೀಟರ್ ಎತ್ತರದಲ್ಲಿದೆ. ಲೇಹ್ ಸುಮಾರು 3,500 ಮೀಟರ್. ಸಾಗರದ ಹುಡುಗನೊಬ್ಬ ಸೇನೆ ಸೇರಿ ಅಲ್ಲಿ ವಿಮಾನ ಇಳಿದರೆ, ಉಸಿರಿಗೆ ಸಿಗುವ ಆಮ್ಲಜನಕ ಮೂರನೇ ಒಂದು ಭಾಗದಷ್ಟು ಕಡಿಮೆ. ಹೊಂದಿಕೊಳ್ಳಲು ಸಮಯ ಕೊಡದೆ ಮೇಲೆ ಹತ್ತಿಸಿದರೆ ಕೆಲವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಮಲಗಿದರೂ ಏದುಸಿರು, ನೊರೆ ಕಫ. ಗಟ್ಟಿ ಆಳು, ಸಣ್ಣ ವಯಸ್ಸು ಅಂತ ಅದು ಬಿಡುವುದಿಲ್ಲ.

1962ರ ಚೀನಾ ಯುದ್ಧದಲ್ಲಿ ತಗ್ಗಿನ ಊರುಗಳಿಂದ ಪಡೆಗಳನ್ನು ಅವಸರವಾಗಿ ಹಿಮಾಲಯಕ್ಕೆ ಕಳಿಸಬೇಕಾಯಿತು. ಆ ವರ್ಷಗಳಲ್ಲಿ ನಮ್ಮ ಸೇನಾ ವೈದ್ಯರು ಈ ಕಾಯಿಲೆಯನ್ನು ಹತ್ತಿರದಿಂದ ನೋಡಿ ಬರೆದಿಟ್ಟರು. ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ 1,925 ಸೈನಿಕರ ವಿವರ ಸೇರಿಸಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ಎಲ್ಲ ಕಡೆ ಎತ್ತರದ ಕಾಯಿಲೆ ಓದುವವರು ಈಗಲೂ ಉಲ್ಲೇಖಿಸುತ್ತಾರೆ. ಇಂಥ ಅನುಭವದಿಂದ ಬಂದದ್ದು ಸೇನೆಯ ವೇಳಾಪಟ್ಟಿ. 9,000 ಅಡಿ ದಾಟಿದರೆ 6 ದಿನ ಹೊಂದಾಣಿಕೆ, ಅದರಲ್ಲಿ ಮೊದಲ ಎರಡು ದಿನ ಬರೀ ವಿಶ್ರಾಂತಿ. 12,000 ಅಡಿ ದಾಟಿದರೆ ಮತ್ತೆ 4 ದಿನ. 15,000 ಅಡಿಯ ಮೇಲೆ ಇನ್ನೂ 4 ದಿನ. ಕಾಯಿಲೆ ಬಂದೇ ಬಿಟ್ಟರೆ ಮೊದಲ ಮದ್ದು ಕೆಳಗಿಳಿಸುವುದು, ಜೊತೆಗೆ ಆಮ್ಲಜನಕ. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಬಾರದಿದ್ದರೆ ರೋಗಿಯನ್ನು ಗಾಳಿ ತುಂಬಿದ ಚೀಲದೊಳಗೆ ಮಲಗಿಸಿ, ಒಳಗಿನ ಒತ್ತಡ ಏರಿಸಿ, ಅವನು ಕೆಳಗಿಳಿದಂಥ ಸ್ಥಿತಿಯನ್ನು ಅಲ್ಲೇ ತಂದುಕೊಡುತ್ತಾರೆ.

ನಮ್ಮ ಕಡೆಯಿಂದ ಈಗ ಲಡಾಖ್ ಪ್ರವಾಸಕ್ಕೆ ಹೋಗುವವರು ಜಾಸ್ತಿ. ಬೆಳಿಗ್ಗೆ ಲೇಹ್, ಮರುದಿನ ಖಾರ್ದುಂಗ್ ಲಾ ಅಂತ ಪ್ಯಾಕೇಜ್ ಮಾಡಿಸಿಕೊಳ್ಳುವ ಮೊದಲು ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿ.

ಪ್ಯಾರಾಚೂಟಿನಿಂದ ಸಿಡುಬಿನವರೆಗೆ

ಒಂದೇ ಬದುಕಿನಲ್ಲಿ ಈ ವೃತ್ತಿಯ ಎಲ್ಲ ಮುಖ ನೋಡಬೇಕಾದರೆ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರನ್ನು ನೆನೆಯಬೇಕು. 1941ರಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ ಮೊದಲ ಭಾರತೀಯ ಸೈನಿಕರಲ್ಲಿ ಈ ಡಾಕ್ಟರೂ ಒಬ್ಬರು. ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಪಡೆ ಕಳಿಸಲಿಲ್ಲ, ವೈದ್ಯಕೀಯ ಘಟಕ ಕಳಿಸಿತು. ಅದು 60 ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್, 1950ರ ನವೆಂಬರ್‌ನಲ್ಲಿ ಅಲ್ಲಿ ಇಳಿಯಿತು. ಅದರ ಮುಖ್ಯಸ್ಥರು ರಂಗರಾಜ್. ಪ್ಯಾಂಗ್‌ಯಾಂಗ್‌ನಿಂದ ಎಲ್ಲರೂ ಹಿಂದೆ ಸರಿಯುವಾಗ ಸಾಮಾನು ಸಾಗಿಸಲು ಬಂಡಿಯಿಲ್ಲ. ಔಷಧಿ ಬಿಟ್ಟು ಬರಲು ಇವರಿಗೆ ಮನಸ್ಸಿಲ್ಲ. ಬಿಟ್ಟುಹೋಗಿದ್ದ ಹಳೇ ರೈಲು ಎಂಜಿನ್ ಒಂದನ್ನು ಹುಡುಕಿ, ಕೈಯಿಂದ ಕೈಗೆ ಬಕೆಟ್ ದಾಟಿಸಿ ಬಾಯ್ಲರ್‌ಗೆ ನೀರು ತುಂಬಿಸಿ, ಆಸ್ಪತ್ರೆಯ ಸಾಮಾನನ್ನೆಲ್ಲ ಹೇರಿಕೊಂಡು ಓಡಿಸಿಕೊಂಡೇ ಬಂದರು. 1951ರ ಮಾರ್ಚ್‌ನಲ್ಲಿ ಅಮೆರಿಕನ್ ಪಡೆಗಳ ಜೊತೆ ಪ್ಯಾರಾಚೂಟಿನಲ್ಲಿ ಇಳಿದು ಗಾಯಾಳುಗಳನ್ನು ನೋಡಿಕೊಂಡರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ನನಗೆ ಹೆಚ್ಚು ಇಷ್ಟವಾಗುವುದು ಇದರ ನಂತರದ ಭಾಗ. ಮುಂದೆ ರಂಗರಾಜ್ ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನೆ ಕೆಲಸಕ್ಕೆ ಅಫ್ಘಾನಿಸ್ತಾನಕ್ಕೆ ಹೋದರು. ಅಲ್ಲಿ ರಸ್ತೆಯಿಲ್ಲದ ಗುಡ್ಡಗಳು, ಪರದೆಯೊಳಗಿನ ಹೆಂಗಸರು. ಅದರ ಮೇಲೆ ಸಿಡುಬಿನ ಹಕ್ಕಳೆಯನ್ನೇ ಚರ್ಮಕ್ಕೆ ಚುಚ್ಚುವ ಊರ ವೈದ್ಯರು. ಆ ಹಳೇ ಪದ್ಧತಿಯಿಂದ ಚುಚ್ಚಿಸಿಕೊಂಡವನಿಗೆ ಹಗುರವಾಗಿ ಬರುತ್ತಿತ್ತೇನೋ, ಅವನಿಂದ ಸುತ್ತಲಿನವರಿಗೆ ನಿಜವಾದ ಸಿಡುಬು ಹಬ್ಬುತ್ತಿತ್ತು. ಅಂಥ ಕಡೆ ಲಸಿಕೆ ಮುಟ್ಟಿಸುವುದಕ್ಕೆ ಬೇಕಾದದ್ದು ಪಡೆ ನಡೆಸುವವರ ಗುಣ: ನಕ್ಷೆ, ಸಾಗಣೆ, ಶಿಸ್ತು, ನಡೆಯುವ ಕಾಲು. 1980ರ ಮೇ 8ರಂದು ಸಿಡುಬು ಇಡೀ ಜಗತ್ತಿನಿಂದ ತೊಲಗಿತೆಂದು ಘೋಷಣೆಯಾಯಿತು.

ಅವರ ಘಟಕ ಈಗ 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್. 2023ರ ಫೆಬ್ರವರಿಯಲ್ಲಿ ಟರ್ಕಿ ಭೂಕಂಪವಾದಾಗ ಇಸ್ಕೆಂದೆರುನ್ ಊರಿನಲ್ಲಿ 30 ಹಾಸಿಗೆಯ ಆಸ್ಪತ್ರೆ ತೆರೆದದ್ದು ಅದೇ.

ಮಂಗನ ಕಾಯಿಲೆ ಮತ್ತು ಒಂದು ಎಣ್ಣೆ ಬಾಟಲಿ

ಈಗ ನಮ್ಮ ಕಾಡಿಗೆ ಬರೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ. ಭಾರತಕ್ಕೆ ಹಳದಿ ಜ್ವರ ಬಂದೇ ಬಿಟ್ಟಿತಾ ಅಂತ ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸ ವೈರಸ್. ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವುದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಒಂದು ಕಾಡಿನ ಹೆಸರು ಸೇರಿಕೊಂಡದ್ದು ಹೀಗೆ.

ಕಾಯಿಲೆ ಕಾಣಿಸುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಉಣುಗಿನ ಸಣ್ಣ ಮರಿಗಳು ಓಡಾಡುವ ಕಾಲ ಅದು. ನಾವು ದರಗು ಗುಡಿಸಲು, ಸೌದೆ ತರಲು ಕಾಡಿಗೆ ನುಗ್ಗುವ ಕಾಲವೂ ಅದೇ. ಅಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ನೆನಪಿದೆಯಾ? ಕೈಕಾಲಿಗೆ ಹಚ್ಚಿಕೊಂಡು ಹೋಗಿ ಅನ್ನುತ್ತಾರಲ್ವಾ, ಅದು. ಗ್ವಾಲಿಯರ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಅದನ್ನು ತಯಾರಿಸಿತು. ಹೊರದೇಶದ ಸೇನೆಗಳು ಬಳಸುತ್ತಿದ್ದ ಡೀಟ್ ಎಂಬ ಕೀಟ ನಿವಾರಕಕ್ಕೆ ಬೇಕಾದ ಮೂಲ ರಾಸಾಯನಿಕ ನಮ್ಮಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅದಕ್ಕೆ ಬದಲಿಯಾಗಿ ಇಲ್ಲೇ ಮಾಡಬಹುದಾದ ಡೆಪಾ ಕಂಡುಹಿಡಿದರು. ಉಣುಗು ಸಾಯುವುದಿಲ್ಲ, ಮೈಗೆ ಹತ್ತದೆ ದೂರ ಸರಿಯುತ್ತದೆ. ಬೆವರಿದರೆ, ತೊಳೆದರೆ ಹೋಗುತ್ತದೆ, ಮತ್ತೆ ಹಚ್ಚಬೇಕು. ಕಾಡಿನಿಂದ ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಮೈ ಉಜ್ಜಿಕೊಳ್ಳುವುದು, ಬಟ್ಟೆ ಬಿಸಿನೀರಿಗೆ ಹಾಕುವುದು ಇದರ ಉಳಿದರ್ಧ.

ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೇ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲೆ ಈ ಎಣ್ಣೆಯ ಪಾತ್ರ ಇನ್ನೂ ದೊಡ್ಡದಾಯಿತು. ಆದರೆ ಬಾಟಲಿ ಮನೆಯ ಮಾಡದಲ್ಲಿ ಇರುವುದಕ್ಕೂ ಮೈಮೇಲೆ ಇರುವುದಕ್ಕೂ ವ್ಯತ್ಯಾಸ ಇದೆ. ಅಂಟು, ವಾಸನೆ, ಮರೆವು. ಬರ್ಮಾದ ಮಾತ್ರೆಯ ಕಥೆಯೇ ಇದು, ಪರೀಕ್ಷೆ ಮಾಡಿಸುವ ಸೇನಾಧಿಪತಿ ಮಾತ್ರ ಇಲ್ಲಿಲ್ಲ. ಊರು ಬ್ಯಾರಕ್ ಅಲ್ಲ, ಆಗಲೂ ಬಾರದು. ಆದರೂ ತೋಟದಲ್ಲಿ ಮಂಗ ಸತ್ತರೆ ಅದು ಕಾಡಿನವರದ್ದಾ, ಪಶುವೈದ್ಯರದ್ದಾ, ಆಸ್ಪತ್ರೆಯದ್ದಾ, ಪಂಚಾಯ್ತಿಯದ್ದಾ ಅಂತ ಫೋನು ತಿರುಗುತ್ತಾ ಹೋದಷ್ಟು ಹೊತ್ತೂ, ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ತರಗೆಲೆಯಲ್ಲೇ ಇರುತ್ತವೆ. ಹೊಣೆ ಒಬ್ಬರದ್ದು ಅಂತ ಮೊದಲೇ ಗೊತ್ತಾಗಿರುವ ಊರುಗಳಲ್ಲಿ ಕೆಲಸ ಬೇಗ ಆಗುತ್ತದೆ.

ಸೇರುವ ದಾರಿ

ಎರಡು ದಾರಿ ಇವೆ. ಪಿಯುಸಿ ಆದವರಿಗೆ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜು. 1948ರಲ್ಲಿ ಶುರುವಾದದ್ದು, 1962ರಿಂದ ಎಂಬಿಬಿಎಸ್ ಇದೆ. ವರ್ಷಕ್ಕೆ 150 ಸೀಟು, ಅದರಲ್ಲಿ 5 ಮಿತ್ರ ದೇಶಗಳಿಗೆ. ನೀಟ್ ಅಂಕದ ಮೇಲೆ ಕರೆ ಬಂದವರಿಗೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋಪರೀಕ್ಷೆ, ಸಂದರ್ಶನ, ಮೈ ತಪಾಸಣೆ ಇರುತ್ತವೆ. ಮದುವೆಯಾಗಿರಬಾರದು. ಓದು ಮುಗಿದ ಮೇಲೆ ಸೇವೆ ಕಡ್ಡಾಯ. ಕೆಲವರಿಗೆ ಕಾಯಂ, ಉಳಿದವರಿಗೆ 7 ವರ್ಷದ ಶಾರ್ಟ್ ಸರ್ವಿಸ್. ಬಿಟ್ಟುಹೋದರೆ ಬಾಂಡ್ ಹಣ ಹತ್ತಾರು ಲಕ್ಷ ಕಟ್ಟಬೇಕು. ಹಾಗಾಗಿ "ಫ್ರೀ ಸೀಟು" ಅನ್ನುವ ಒಂದೇ ಆಸೆಗೆ ಮಕ್ಕಳನ್ನು ನೂಕಬೇಡಿ. ವರ್ಗಾವಣೆ ಎರಡು ಮೂರು ವರ್ಷಕ್ಕೊಮ್ಮೆ ಇದ್ದದ್ದೇ. ಕೆಲವು ಜಾಗಕ್ಕೆ ಮನೆಯವರನ್ನು ಕರೆದೊಯ್ಯಲು ಆಗುವುದಿಲ್ಲ.

ಇನ್ನೊಂದು ದಾರಿ, ಶಿವಮೊಗ್ಗದಲ್ಲೋ ಎಲ್ಲೋ ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವಿಸ್‌ಗೆ ಅರ್ಜಿ ಹಾಕುವುದು. ಸೇರುವಾಗಲೇ ಕ್ಯಾಪ್ಟನ್. ಮೊದಲು 5 ವರ್ಷ, ಬೇಕಿದ್ದರೆ ಒಟ್ಟು 14 ವರ್ಷದವರೆಗೆ ಮುಂದುವರಿಸಬಹುದು. ಸೇನೆಗೆ ಆಯ್ಕೆಯಾದವರಿಗೆ ಮೊದಲ ತರಬೇತಿ ಲಖನೌದ ಆರ್ಮಿ ಮೆಡಿಕಲ್ ಕೋರ್ ಕೇಂದ್ರದಲ್ಲಿ. ಆರ್‌ಎಂಒ ಕೆಲಸ ಮಾಡಿದ ಮೇಲೆ ಸೇವೆಯಲ್ಲಿದ್ದುಕೊಂಡೇ ಎಂಡಿ, ಎಂಎಸ್ ಓದಲು ಅವಕಾಶ ಇದೆ. ಲೆಫ್ಟಿನೆಂಟ್ ಕರ್ನಲ್‌ವರೆಗೆ ಬಡ್ತಿ ಸಾಮಾನ್ಯವಾಗಿ ವರ್ಷಗಳ ಲೆಕ್ಕದಲ್ಲಿ ಬರುತ್ತದೆ, ಅದರ ಮೇಲೆ ಪೈಪೋಟಿ ಜೋರು. ಹೆಣ್ಣುಮಕ್ಕಳಿಗೆ ಇಲ್ಲಿ ಹಾದಿ ಹೊಸದಲ್ಲ. 2004ರಲ್ಲಿ ಪುನೀತಾ ಅರೋರಾ ಲೆಫ್ಟಿನೆಂಟ್ ಜನರಲ್ ಆದರು. 2024ರಲ್ಲಿ ನೌಕಾಪಡೆಯ ಆರತಿ ಸರೀನ್ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮುಖ್ಯಸ್ಥರಾದರು.

ಒಂದು ತೊಡಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸೇನಾ ವೈದ್ಯರಿಗೆ ಇಬ್ಬರು ಯಜಮಾನರು, ಒಬ್ಬ ರೋಗಿ, ಇನ್ನೊಬ್ಬ ಪಡೆ. ಸೈನಿಕನ ಬೆನ್ನುನೋವನ್ನು ಕಾಗದದ ಮೇಲೆ ಬರೆದರೆ ಅವನ ವೈದ್ಯಕೀಯ ದರ್ಜೆ ಇಳಿಯುತ್ತದೆ, ಬಡ್ತಿ ತಪ್ಪಬಹುದು. ಬರೆಯದಿದ್ದರೆ ನಾಳೆ ಗುಡ್ಡದ ಮೇಲೆ ಅವನ ಜೊತೆಗಾರರಿಗೆ ಅಪಾಯ. "ಸಾರ್, ಬರೀಬೇಡಿ" ಅಂತ ಕೈಮುಗಿಯುವವನ ಎದುರು ಕೂತು ನಿರ್ಧಾರ ಮಾಡಬೇಕು. ಊರಿನ ಕ್ಲಿನಿಕ್ಕಿನಲ್ಲಿ ಈ ಇಕ್ಕಟ್ಟು ಇಷ್ಟು ನೇರವಾಗಿ ಬರುವುದಿಲ್ಲ. ಇದನ್ನು ತಾಳಿಕೊಳ್ಳಬಲ್ಲೆನಾ ಅಂತ ಹುಡುಗ ಹುಡುಗಿಯರು ಮೊದಲೇ ಯೋಚಿಸಬೇಕು.

ಕೊನೆಗೆ ಪ್ರತಿ ವರ್ಷ ಕೆಲವರು ತಪ್ಪಿಸಿಕೊಳ್ಳುವ ಒಂದು ಸಣ್ಣ ವಿಷಯ. ನಮ್ಮ ಮಕ್ಕಳು ನೀಟ್ ಆದ ಮೇಲೆ ರಾಜ್ಯದ ಸೀಟು ಹಂಚುವ ಕೆಇಎ ನೋಂದಣಿ ಮಾಡಿ ಸುಮ್ನೆ ಕೂರುತ್ತಾರೆ. ಎಎಫ್‌ಎಂಸಿ ಅದರಲ್ಲಿ ಬರುವುದಿಲ್ಲ. ಅದಕ್ಕೆ ಕೇಂದ್ರದ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ವೆಬ್‌ಸೈಟಿನಲ್ಲಿ ಬೇರೆಯಾಗಿ ನೋಂದಣಿ ಮಾಡಿ, ಎಎಫ್‌ಎಂಸಿ ಬೇಕು ಅಂತ ಆರಿಸಬೇಕು. ಆ ಕಿಟಕಿ ಕೆಲವೇ ದಿನ ತೆರೆದಿರುತ್ತದೆ.